ಒಂಟಿಕಿವಿ

ವೈರಕ್ಕನ ಸ್ಟುಡಿಯೋ ಎಂದರೆ ಮನೆಯ ಸಾಮಾನು ಕೋಣೆ. ಗೋಡೆಗೆ ಹಳೆಯ ರಜಾಯಿ, ಬಾಗಿಲ ಸಂದಿಗೆ ಮಗಳ ಹರಿದ ಸ್ವೆಟರು, ಇದ್ದೊಂದು ಕಿಟಕಿಗೆ ಇಡೀ ಹಾಸಿಗೆಯನ್ನೇ ಆನಿಸಿಟ್ಟಿದ್ದಳು. ಅಮ್ಮ ಬಟ್ಟೆ ಕತ್ತರಿಸುತ್ತಿದ್ದ ಉದ್ದ ಮೇಜಿನ ಮೇಲೆ ಎರಡು ಸಿಂಥಸೈಜರ್, ಒಂದು ಮಿಕ್ಸರ್, ಒಂದು ಜೊತೆ ಒಳ್ಳೆಯ ಸ್ಪೀಕರ್. ಅವುಗಳ ನಡುವೆ ದೊಡ್ಡವರ ಮದುವೆಗೆ ಕರೆಯದೇ ಬಂದವನಂತೆ ಕೂತಿತ್ತು ಒಂದು ಪುಟ್ಟ ಡಬ್ಬಿ. ಹಳೆಯ ರೇಡಿಯೋದಿಂದ ಕಿತ್ತ ಒಂದೇ ಸ್ಪೀಕರಿನ ಡಬ್ಬಿ ಅದು. ಅದಕ್ಕೆ ಅವಳಿಟ್ಟ ಹೆಸರು ಒಂಟಿಕಿವಿ. ಎಂಥ ಸಂಗೀತ ಕಟ್ಟಿದರೂ ಕೊನೆಗೆ ಮಿಕ್ಸರಿನ ಮೋನೋ ಗುಂಡಿ ಒತ್ತಿ, ಎಡ ಬಲ ಎರಡನ್ನೂ ಒಂದೇ ಮಾಡಿ, ಆ ಡಬ್ಬಿಯಲ್ಲಿ ಕೇಳಿದ ಮೇಲೆಯೇ ಅವಳು ಊಟಕ್ಕೆ ಏಳುವುದು.

"ಇಷ್ಟು ಚಂದದ ಸ್ಪೀಕರ್ ಇಟ್ಕೊಂಡು ಆ ಕೆಮ್ಮೋ ಡಬ್ಬೀಲಿ ಯಾಕಮ್ಮ ಕೇಳ್ತೀಯ?" ಎಂದು ಮಗಳು ಒಮ್ಮೆ ಕೇಳಿದ್ದಳು.

"ಚಂದದವು ಸುಳ್ಳು ಹೇಳ್ತವೆ ಮರಿ. ಇದಕ್ಕೆ ಸುಳ್ಳು ಹೇಳೋವಷ್ಟು ಶಕ್ತಿ ಇಲ್ಲ."

ಆ ದಿನ ಬೆಳಿಗ್ಗೆ ಮಗಳ ಜಡೆ ಹೆಣೆಯುತ್ತ ಅವಳು ರೇಡಿಯೋ ಹಾಕಿದ್ದಳು. ಸಂದರ್ಶನ ಬರುತ್ತಿತ್ತು. ಮಾತಾಡುತ್ತಿದ್ದವನು ಅವಳ ತಮ್ಮ. ಮನೆಯಲ್ಲಿ ಪುಟ್ಟ, ಪೋಸ್ಟರಿನಲ್ಲಿ ಗುಡುಗು. ಹೆಸರನ್ನು ಅವನೇ ಇಟ್ಟುಕೊಂಡಿದ್ದ.

"ನಿಮ್ಮ ಹಾಡಲ್ಲಿ ಡ್ರಮ್ಮೆಲ್ಲ ನಿಂತುಹೋಗಿ ಒಂದು ದುಂಬಿ ಥರದ ಸೌಂಡ್ ಬರತ್ತಲ್ಲ, ಊರೆಲ್ಲ ಅದನ್ನೇ ಗುನುಗ್ತಿದೆ. ಅದನ್ನ ಹೇಗೆ ಮಾಡಿದ್ರಿ?" ಎಂದಳು ನಿರೂಪಕಿ.

"ಅದಾ? ಅದು ನಂಗೆ ಕನಸಲ್ಲಿ ಬಂತು. ಎದ್ದು ಹತ್ತು ನಿಮಿಷದಲ್ಲಿ ಮಾಡ್ಬಿಟ್ಟೆ."

"ನಿಮ್ಮಕ್ಕನೂ ಇದೇ ಕೆಲಸದಲ್ಲಿ ಇದಾರಂತೆ?"

ಅವನು ನಕ್ಕ. "ಅಕ್ಕನಾ? ಪಾಪ, ಅಕ್ಕ ನನ್ನ ವೈರ್ ಸುತ್ತೋಳು."

ಜಡೆ ಬಿಗಿಯಿತು. "ಅಮ್ಮಾ, ನೋಯತ್ತೆ!" ಎಂದು ಮಗಳು ಕೂಗಿದಾಗಲೇ ತನ್ನ ಕೈ ಏನು ಮಾಡುತ್ತಿದೆ ಎಂಬುದು ಅವಳಿಗೆ ತಿಳಿದದ್ದು.

ವೈರ್ ಸುತ್ತುವುದು ಅವಳಿಗೆ ಅವಮಾನವಲ್ಲ. ಅವಳ ಹೆಸರೇ ಅದರಿಂದ ಬಂದದ್ದು; ಊರಿನ ಅರ್ಧ ಸಭಾಂಗಣಗಳಿಗೆ ವೈರು ಎಳೆದವಳು ಅವಳೇ. ಹೊಟ್ಟೆಗೆ ಬೆಂಕಿ ಬಿದ್ದದ್ದು ಕನಸಿನ ಮಾತಿಗೆ. ಆ ದುಂಬಿ ಯಾರ ಕನಸಿನಿಂದಲೂ ಹಾರಿಬಂದದ್ದಲ್ಲ. ಅದು ಅಮ್ಮನ ಹೊಲಿಗೆ ಮೆಷಿನ್ನು. ಹದಿನೇಳನೆಯ ವಯಸ್ಸಿನಲ್ಲಿ ಅವಳು ಹಳೆಯ ಟೇಪ್‌ರೆಕಾರ್ಡರಿನ ಮೈಕನ್ನು ಮೆಷಿನ್ನಿನ ಹೊಟ್ಟೆಗೆ ಅಂಟಿಸಿ, ಅಮ್ಮ ಪರರ ರವಿಕೆ ಹೊಲಿಯುತ್ತಿದ್ದಾಗ ಒಂದು ಮಧ್ಯಾಹ್ನವಿಡೀ ಹಿಡಿದಿಟ್ಟದ್ದು. ಮುಂದೆ ಅಮ್ಮ ಹೋದಳು. ಅಕ್ಕ ಹೆರಿಗೆಗೆಂದು ಆಸ್ಪತ್ರೆಯಲ್ಲಿ ಮಲಗಿದ್ದ ವಾರದಲ್ಲಿ "ಜಾಗ ತಿನ್ನುತ್ತೆ" ಎಂದು ತಮ್ಮ ಮೆಷಿನ್ನನ್ನು ಗುಜರಿಗೆ ಹಾಕಿದ. ಉಳಿದದ್ದು ಟೇಪು ಒಂದೇ.

ಆ ಟೇಪಿನ ಒಂದು ಚೂರನ್ನು ಅವಳು ನಾಲ್ಕು ಪಟ್ಟು ನಿಧಾನ ಮಾಡಿದಳು. ಕಟಕಟ ಹೋಗಿ ಗುಂಯ್ ಆಯಿತು. ಫಿಲ್ಟರಿನಿಂದ ಸೂಜಿಯ ಚೂಪನ್ನು ತೆಗೆದಳು. ಸ್ಪೀಕರನ್ನು ಖಾಲಿ ನೀರಿನ ಟ್ಯಾಂಕಿನೊಳಗೆ ಇಳಿಬಿಟ್ಟು ನುಡಿಸಿ, ಅದರ ಮೊರೆತವನ್ನು ಮತ್ತೆ ಹಿಡಿದಳು. ಮೂರು ಪದರ ಒಂದರ ಮೇಲೊಂದು. ಎರಡು ವರ್ಷ ಬೇಕಾಯಿತು. ಮಗಳು ಶಾಲೆಗೆ ಹೋದ ಮೇಲೆ, ಅಡುಗೆಗೆ ಮೊದಲು, ಸಿಕ್ಕಿದ ಅರ್ಧ ಮುಕ್ಕಾಲು ಗಂಟೆಗಳಲ್ಲಿ ಮಾಡಿದ ಕೆಲಸ. ತಮ್ಮ ಒಂದು ದಿನ "ಚಾರ್ಜರ್ ಇದೆಯಾ" ಎಂದು ಬಂದವನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅದನ್ನು ನಕಲು ಮಾಡಿಕೊಂಡು ಹೋಗಿದ್ದ.

ತಾಳಿದವನು ಬಾಳಿಯಾನು ಎನ್ನುತ್ತಾರೆ. ತಾಳಿದವಳು ಏನು ಮಾಡಿಯಾಳು ಎಂದು ಯಾರೂ ಹೇಳಿಲ್ಲ. ಅವಳು ಜಡೆ ಬಿಚ್ಚಿ ಮತ್ತೆ ಹೆಣೆದು, ಮಗಳನ್ನು ಶಾಲೆಗೆ ಬಿಟ್ಟು ಬಂದಳು.

ಮರುವಾರ ತಮ್ಮ ತಾನಾಗಿಯೇ ಬಂದ. ಮಗಳಿಗೆ ಚಾಕೊಲೇಟು, ಅಕ್ಕನಿಗೆ ನಗು.

"ಅಕ್ಕಾ, ಸಂದರ್ಶನ ಕೇಳಿದ್ಯಾ?"

"ಕೇಳ್ದೆ."

"ಹಾಗೆಲ್ಲ ಹೇಳ್ಬೇಕಾಗತ್ತೆ ಕಣೇ. ಜನಕ್ಕೆ ಕಥೆ ಬೇಕು. ಬೇಜಾರಾಯ್ತಾ?"

"ವೈರ್ ಸುತ್ತೋಳಿಗೆ ಎಂಥ ಬೇಜಾರು? ಯಾಕೆ ಬಂದೆ ಹೇಳು."

ಅವನು ಕೆಮ್ಮಿದ. ಮುಂದಿನ ತಿಂಗಳು ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ. ದುಂಬಿ ಇನ್ನೂ ಅಗಲವಾಗಿ, ಇಡೀ ಹಾಲನ್ನೇ ಅಪ್ಪಿಕೊಳ್ಳುವಂತೆ ಕೇಳಬೇಕು. ಅವನ ಹತ್ತಿರ ಇದ್ದದ್ದು ಬೆಂದ ಅನ್ನ. ಅಕ್ಕಿ ಎಲ್ಲಿಯದು, ನೀರೆಷ್ಟು ಎಂಬುದು ಗೊತ್ತಿರಲಿಲ್ಲ. "ಒಂಚೂರು ಅಗಲ ಮಾಡ್ಕೊಡೇ. ನಿನ್ನ ಬಿಟ್ರೆ ಯಾರಿಗೆ ಬರತ್ತೆ?"

"ಎಷ್ಟು ಅಗಲ?"

"ಎಷ್ಟಾಗತ್ತೋ ಅಷ್ಟು!"

"ಆಯ್ತು," ಎಂದಳು. ಎಷ್ಟಾಗತ್ತೋ ಅಷ್ಟು.

ಶಬ್ದವನ್ನು ಅಗಲ ಮಾಡಲು ಒಂದು ಹಳೆಯ ಉಪಾಯವಿದೆ. ಎಡಗಡೆಗೆ ಅಲೆಯನ್ನು ಇದ್ದ ಹಾಗೆ ಬಿಡುವುದು, ಬಲಗಡೆಗೆ ಅದೇ ಅಲೆಯನ್ನು ತಲೆಕೆಳಗು ಮಾಡಿ ಬಿಡುವುದು. ಇದು ಏರಿದಾಗ ಅದು ಇಳಿಯುತ್ತದೆ. ಎರಡು ಕಿವಿಗೆ ಬೇರೆ ಬೇರೆಯಾಗಿ ಬಿದ್ದರೆ ಗೋಡೆಗಳೇ ಹಿಂದೆ ಸರಿದಂತೆ ಅನಿಸುತ್ತದೆ. ಎರಡನ್ನೂ ಒಂದೇ ಸ್ಪೀಕರಿಗೆ ಸುರಿದರೆ? ಐದರಲ್ಲಿ ಐದು ಕಳೆದರೆ ಏನು ಉಳಿಯುತ್ತದೆಯೋ ಅದು. ಆ ದೊಡ್ಡ ಸಭಾಂಗಣಕ್ಕೆ ವೈರು ಎಳೆದವಳೂ ಅವಳೇ. ಆ ಮೂಲೆಯವರಿಗೆ ಅರ್ಧ, ಈ ಮೂಲೆಯವರಿಗೆ ಅರ್ಧ ಕೇಳಬಾರದೆಂದು ಅಲ್ಲಿ ಎಡ ಬಲ ಎರಡನ್ನೂ ಸೇರಿಸಿ ಎಲ್ಲ ಸ್ಪೀಕರಿಗೂ ಒಂದನ್ನೇ ಕಳಿಸುತ್ತಿದ್ದರು. ಆ ಹಾಲೇ ಒಂದು ದೊಡ್ಡ ಒಂಟಿಕಿವಿ.

ಆದರೆ ಬರೀ ಸೊನ್ನೆ ಅವಳಿಗೆ ಸಾಕಾಗಲಿಲ್ಲ. ಟೇಪನ್ನು ಮತ್ತೆ ಮೊದಲಿನಿಂದ ಕೇಳಿದಳು. ಮೆಷಿನ್ನು ನಿಂತ ಒಂದು ಕಡೆ, ಆಗ ಏಳು ವರ್ಷದವನಾಗಿದ್ದ ಪುಟ್ಟ, ಟೇಪ್‌ರೆಕಾರ್ಡರಿಗೆ ಕೈ ಹಾಕಿದ್ದಾನೆ, ಅಮ್ಮ ಗದರಿದ್ದಾಳೆ. ಗಂಟಲಿನಲ್ಲಿ ದಾರದ ಎಳೆ ಸಿಕ್ಕಿದಂಥ ಅಮ್ಮನ ಅದೇ ಧ್ವನಿ. ಇಷ್ಟು ವರ್ಷ ಅವಳು ಅದನ್ನು ಯಾರಿಗೂ ಕೇಳಿಸಿರಲಿಲ್ಲ, ಮಗಳಿಗೂ. ಆ ನಾಲ್ಕು ಸೆಕೆಂಡನ್ನು ಕತ್ತರಿಸಿ, ಎಡ ಬಲ ಎರಡಕ್ಕೂ ಸಮವಾಗಿ, ದುಂಬಿಯ ಅಡಿಗೆ ಮೆಲ್ಲಗೆ ಇಟ್ಟಳು. ಹೆಡ್‌ಫೋನಿನಲ್ಲಿ ಸಂತೆಯ ಗದ್ದಲದಲ್ಲಿ ಪಿಸುಮಾತು ಮುಳುಗಿದ ಹಾಗೆ ಮುಳುಗಿಹೋಯಿತು. ಮೋನೋ ಗುಂಡಿ ಒತ್ತಿದಳು. ದುಂಬಿ ಸತ್ತಿತು. ಒಂಟಿಕಿವಿಯಲ್ಲಿ ಅಮ್ಮ ಮಾತಾಡಿದಳು.

ತಮ್ಮ ಹೆಡ್‌ಫೋನಿನಲ್ಲಿ ಕೇಳಿ ಕುರ್ಚಿಯಿಂದ ಜಿಗಿದ. "ಅಕ್ಕಾ! ಕಾಲು ಮುಟ್ಬೇಕು ನಿಂದು!"

"ಕಾಲು ಆಮೇಲೆ ಮುಟ್ಟು. ಮೊದಲು ಆ ಗುಂಡಿ ಮುಟ್ಟು. ಮೋನೋದಲ್ಲಿ ಒಂದ್ಸಲ ಕೇಳಿ ತಗೊಂಡ್ಹೋಗು."

"ಮೋನೋ ಕಾಲ ಮುಗೀತು ಕಣಕ್ಕ! ನಿನ್ನ ಕೆಮ್ಮೋ ಡಬ್ಬೀನ ಮ್ಯೂಸಿಯಮ್ಮಿಗೆ ಕೊಡು."

"ಮೂರು ಸೆಕೆಂಡು ಕಣೋ. ಆಮೇಲೆ ಅಕ್ಕ ಹೇಳ್ಲಿಲ್ಲ ಅನ್ಬೇಡ."

"ಅನ್ನಲ್ಲ, ಅನ್ನಲ್ಲ," ಎನ್ನುತ್ತ ಅವನು ಫೈಲನ್ನು ಜೇಬಿಗಿಳಿಸಿ ಮೆಟ್ಟಿಲಿಳಿದ. ಅವನ ಹೆಜ್ಜೆಯ ಸದ್ದು ಮುಗಿಯುವ ತನಕ ಅವಳ ಬೆರಳು ಗುಂಡಿಯ ಮೇಲೇ ಇತ್ತು. ಕರೆದು ಹೇಳಬಹುದಿತ್ತು. ಹೇಳಲಿಲ್ಲ. ಮೂರು ಸೆಕೆಂಡು ಕೊಟ್ಟಾಗಿತ್ತು.

ಕಾರ್ಯಕ್ರಮದ ಸಂಜೆ ಅವಳು ವೇದಿಕೆಯ ಪಕ್ಕದಲ್ಲಿ, ವೈರುಗಳೆಲ್ಲ ಸೇರುವ ಪೆಟ್ಟಿಗೆಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದಳು. ಸಭಾಂಗಣದ ಹಿಂಭಾಗದ ಮಿಕ್ಸರಿನಲ್ಲಿ ಕಿವುಡಣ್ಣ. ಊರಿಗೇ ಚುರುಕು ಕಿವಿಯವನು. ಬೇಡದ ಮಾತು ಮಾತ್ರ ಕೇಳಿಸುವುದಿಲ್ಲವಾದ್ದರಿಂದ ಆ ಹೆಸರು. ತಮ್ಮ ಸೌಂಡ್ ಚೆಕ್ಕಿಗೆ ಯಾವಾಗಿನಂತೆ ತಡವಾಗಿ ಬಂದು, ಡ್ರಮ್ಮನ್ನು ಎರಡು ಸಲ ಬಡಿಸಿ "ಓಕೆ ಓಕೆ" ಎಂದು ಕೈಬೀಸಿದ್ದ.

ಎರಡು ಸಾವಿರ ಜನ. ಹೊಗೆ, ಬಣ್ಣ, ಕುಣಿತ. ಆ ಹಾಡು ಶುರುವಾದೊಡನೆ ಕೂಗು ಮುಗಿಲಿಗೇರಿತು. ಡ್ರಮ್ಮು ಏರಿತು, ಏರಿತು, ತಟ್ಟನೆ ನಿಂತಿತು. ತಮ್ಮ ಎರಡೂ ಕೈ ಮೇಲೆತ್ತಿದ.

ಏನೂ ಬರಲಿಲ್ಲ. ದೂರದಲ್ಲೆಲ್ಲೋ ಒಬ್ಬ ಹೆಂಗಸು ಗೊಣಗಿದಂತಾಯಿತು, ಅಷ್ಟೆ. ಕೈಗಳು ಗಾಳಿಯಲ್ಲೇ ಉಳಿದವು.

"ವೈರಕ್ಕಾ, ವೈರೇನಾದ್ರೂ ಕಿತ್ತೋಯ್ತಾ?" ಹೆಡ್‌ಸೆಟ್ಟಿನಲ್ಲಿ ಕಿವುಡಣ್ಣ ಗಾಬರಿಯಾಗಿದ್ದ.

"ವೈರು ಸರಿಗಿದೆ ಅಣ್ಣ. ಸದ್ದು ಕಮ್ಮಿ ಇರ್ಬೇಕು, ಏರ್ಸಿ."

ಅವನು ಏರಿಸಿದ. ಡ್ರಮ್ಮು ಮತ್ತೆ ಬಂತು, ಮತ್ತೆ ನಿಂತಿತು. ಈ ಸಲ ಛಾವಣಿ ನಡುಗುವಂತೆ, ನೂರು ಸ್ಪೀಕರಿನಲ್ಲಿ, ಅಮ್ಮ ಗದರಿದಳು:

"ಕೈ ತೆಗಿಯೋ ಪುಟ್ಟ! ಅಕ್ಕನ್ನ ಕೇಳ್ದೆ ಮುಟ್ಬೇಡ ಅಂತ ಎಷ್ಟು ಸಲ ಹೇಳ್ಲಿ?"

ಆಮೇಲೆ ನಗು, ಅಲೆ ಅಲೆಯಾಗಿ. ತಮ್ಮನ ಮುಖ ಸುಣ್ಣವಾಗಿತ್ತು. ಹಾಡನ್ನು ನಿಲ್ಲಿಸಿದರೆ ಅದಕ್ಕೆ ಕಟ್ಟಿದ ದೀಪ, ಹೊಗೆ, ಪರದೆಯೆಲ್ಲ ನಿಲ್ಲುತ್ತದೆ. ನಿಲ್ಲಿಸದಿದ್ದರೆ ಆ ಜಾಗ ಇನ್ನೆರಡು ಸಲ ಬರುತ್ತದೆ. ಅವನು ನಿಲ್ಲಿಸಲಿಲ್ಲ. ಮೂರನೆಯ ಸಲ ಅಮ್ಮನ ಜೊತೆ ಅರ್ಧ ಸಭಾಂಗಣ ದನಿಗೂಡಿಸಿತು. ನಾಲ್ಕನೆಯ ಸಲ ಎರಡು ಸಾವಿರ ಜನ ಬೆರಳು ತೋರಿಸಿ ಅವನನ್ನು ಗದರಿದರು.

ಅವಳೊಬ್ಬಳೇ ಬಚ್ಚಿಟ್ಟುಕೊಂಡಿದ್ದ ಧ್ವನಿ ಈಗ ಕಂಡಕಂಡವರ ಬಾಯಲ್ಲಿತ್ತು. ಆದರೂ ಹಲ್ಲು ಕಚ್ಚಿ ಕೂತಳು. ಉಪ್ಪು ತಿಂದವನು ನೀರು ಕುಡಿಯುವುದನ್ನು ನೋಡದೇ ಏಳುವವಳಲ್ಲ.

ಹಾಡು ಮುಗಿದರೂ ಕೂಗು ಮುಗಿಯಲಿಲ್ಲ. "ಅಕ್ಕನ್ನ ಕೇಳು! ಅಕ್ಕನ್ನ ಕೇಳು!"

ತಮ್ಮ ಮಾತಿನ ಮಲ್ಲ. ಮೈಕು ಹಿಡಿದು, ಹೇಗೋ ನಗು ತಂದುಕೊಂಡು, ಪಕ್ಕಕ್ಕೆ ತಿರುಗಿದ. "ಆಯ್ತಪ್ಪ, ಕೇಳ್ತೀನಿ. ಅಕ್ಕಾ, ಮುಂದಿನ ಹಾಡು ಹಾಕ್ಲಾ?"

ಜನ ಹೋ ಎಂದರು. ಅವಳು ಎದ್ದಳು. ಪೆಟ್ಟಿಗೆಯಿಂದ ಅವನ ಲ್ಯಾಪ್‌ಟಾಪಿನ ಎರಡು ಪ್ಲಗ್ಗುಗಳನ್ನು, ಮೊದಲು ಎಡದ್ದು ಆಮೇಲೆ ಬಲದ್ದು, ಎಳೆದಳು. ಮತ್ತೆ ಸ್ಟೂಲಿನ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ, ವೈರ್ ಸುತ್ತತೊಡಗಿದಳು. ಒಂದು ಸುತ್ತು ಮೇಲಿನಿಂದ, ಒಂದು ಸುತ್ತು ಕೆಳಗಿನಿಂದ. ಊರಿಗೆಲ್ಲ ಸಾರಿದ್ದನಲ್ಲ, ಸುತ್ತುವವಳೆಂದು.

ಸಭಾಂಗಣ ನಿಧಾನವಾಗಿ ತಣ್ಣಗಾಯಿತು. ತಮ್ಮನ ಕೈಯಲ್ಲಿ ಉಳಿದದ್ದು ಮೈಕೊಂದೇ. ಮೈಕಿಗೆ ಎಡ ಬಲ ಇಲ್ಲ. ಅದರಲ್ಲಿ ಹೇಳಿದ್ದು ಎಲ್ಲಿಯೂ ಕಳೆದುಹೋಗುವುದಿಲ್ಲ. ಅವನು ಅಕ್ಕನನ್ನು ನೋಡಿದ, ಜನರನ್ನು ನೋಡಿದ, ನೆಲ ನೋಡಿದ.

"ಆ ದುಂಬಿ ಸೌಂಡು," ಎಂದ. "ಅದು ನಂದಲ್ಲ. ನಮ್ಮಕ್ಕ ಮಾಡಿದ್ದು."

ಪ್ರತಿಯೊಂದು ಅಕ್ಷರವೂ ಹಿಂದಿನ ಗೋಡೆಗೆ ಬಡಿದು ವಾಪಸು ಬಂತು. ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸುತ್ತನ್ನು ಮುಗಿಸಿ, ತುದಿಯನ್ನು ಗಂಟು ಹಾಕಿ, ಎರಡನೆಯ ವೈರಿಗೆ ಕೈ ಚಾಚಿದಳು.

"ಕೇಳಿಸ್ಲಿಲ್ಲ ಪುಟ್ಟ," ಎಂದಳು. "ಇನ್ನೊಂದ್ಸಲ ಹೇಳು."