ತಾನಾಗಿ ಕೇಳಿದ ನೀರು

ನಿಘಂಟು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಪದಕ್ಕೊಂದು ಅರ್ಥದ ಚೀಟಿ ಬರೆದವಳಿಗೆ ಪದಗಳ ಹೆದರಿಕೆ ಇರಲಿಲ್ಲ. ಆದರೆ ಡಾಕ್ಟರು ಗಂಡನ ಕಾಗದದ ಮೇಲೆ ‘ಆ್ಯಪಥಿ’, ಅಂದರೆ ಯಾವುದೂ ಬೇಕೆನ್ನಿಸದ ನಿರಾಸಕ್ತಿ, ಎಂದು ಬರೆದಾಗ ಆ ಒಂದು ಪದಕ್ಕೆ ಹೆದರಿದಳು. ಅದರ ಕುಲಗೋತ್ರವೆಲ್ಲ ಅವಳಿಗೆ ಗೊತ್ತು. ಗ್ರೀಕರಲ್ಲಿ ಅಪಾಥೆಯಾ ಆಗಿ ಹುಟ್ಟಿ, ಲ್ಯಾಟಿನ್ ದಾಟಿ, ಫ್ರೆಂಚರಲ್ಲಿ ಅಪತೀ, ರಷ್ಯನ್ನರಲ್ಲಿ ಅಪಾತಿಯಾ. ಬಾಲ ಬದಲಾದರೂ ಮೈ ಅದೇ. ಹಳೆಯ ಗ್ರೀಕ್ ಜ್ಞಾನಿಗಳು ಅದನ್ನು ಮನಸ್ಸಿನ ಗೆಲುವು ಎಂದಿದ್ದರಂತೆ. ಅವರ ಹೆಂಡಿರನ್ನು ಯಾರಾದರೂ ಕೇಳಿದ್ದರೋ ಇಲ್ಲವೋ.

ಗಂಡ ದರ್ಜಿ. ಮೂರು ತಿಂಗಳ ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಈಗ ಕೈಕಾಲು ನೆಟ್ಟಗಿವೆ, ಮಾತೂ ಸ್ಪಷ್ಟ; ಬೇಕು ಅನ್ನುವುದೊಂದು ಮಾತ್ರ ಹೋಗಿದೆ. ತಟ್ಟೆ ಇಟ್ಟರೆ ಉಣ್ಣುತ್ತಾನೆ, ಇಡದಿದ್ದರೆ ಇಲ್ಲ. ನಾದಿನಿ ಬಂದು ನೋಡಿ, ಅಣ್ಣನ ಮೂಗಿನ ತುದಿಯ ಸಿಟ್ಟು ಹೋಯಿತಲ್ಲ, ನೀನೇ ಪುಣ್ಯವಂತೆ ಅಂದು ಹೋದಳು. ಇವಳಿಗೆ ಮೈಯೆಲ್ಲ ಉರಿಯಿತು. ಆ ಸಿಟ್ಟು ಒಮ್ಮೆ ಬಂದರೆ ಸಾಕೆಂದು, ಯಾರೂ ಮುಟ್ಟಕೂಡದ ಅವನ ಬಟ್ಟೆಯ ಕತ್ತರಿಯಿಂದ ಅವನ ಕಣ್ಣೆದುರೇ ರಟ್ಟು ಕತ್ತರಿಸಿದ್ದಳು. ಅವನು ನೋಡುತ್ತ ಕುಳಿತಿದ್ದ.

ಆಸ್ಪತ್ರೆಯಲ್ಲಿ ಇಂಥವರಿಗಾಗಿ ಒಂದು ತರಬೇತಿ ವಿಭಾಗವಿತ್ತು. ಹಾಸಿಗೆ ಹತ್ತೇ, ತಾನಾಗಿ ಏನಾದರೂ ಕೇಳುವ ರೋಗಿಯನ್ನಷ್ಟೇ ಸೇರಿಸಿಕೊಳ್ಳುತ್ತಿದ್ದರು. ಸೋಮವಾರ ಕಡೆಯ ತಪಾಸಣೆ. ಭಾನುವಾರ ಬೆಳಗಿನಿಂದ ಅವಳು ಅವನಿಗೆ ನೀರು ಕೊಡಲಿಲ್ಲ. ಹೂಜಿ ಕೈಗೆಟಕುವಲ್ಲೇ ಇತ್ತು. ಮಧ್ಯಾಹ್ನಕ್ಕೆ ಅವನ ತುಟಿ ಒಣಗಿತು. ಕೊನೆಗೆ ಅವಳೇ ಸೋತು ಲೋಟ ಹಿಡಿದಳು, ಗಟಗಟ ಕುಡಿದ.

ಮರುದಿನ ತಪಾಸಣೆಯಲ್ಲಿ, ಈ ವಾರ ತಾವಾಗಿ ಏನಾದರೂ ಕೇಳಿದರಾ ಎಂದರು ಡಾಕ್ಟರು. ಯಾರೂ ಆಡದ ಮಾತನ್ನು ಉದಾಹರಣೆಯಾಗಿ ಕಟ್ಟಿ ಬರೆಯಕೂಡದೆಂಬುದು ಅವಳ ಕಚೇರಿಯ ಕಟ್ಟುಪಾಡು. ಹಾಗೆ ಬರೆದ ಸಹೋದ್ಯೋಗಿಯೊಬ್ಬನ ನೀರನ್ನು ಅವಳೇ ಎಲ್ಲರೆದುರು ಇಳಿಸಿದ್ದಳು.

“ನಿನ್ನೆ ನೀರು ಕೇಳಿದ್ರು,” ಅಂದಳು. “ಬಾಯಾರಿಕೆ ಆಗ್ತಿದೆ, ಒಂದು ಲೋಟ ನೀರು ಕೊಡು ಅಂದ್ರು.”

ಮಾತು ನಾಚಿಕೆಯಿಲ್ಲದೆ ಸಲೀಸಾಗಿ ಬಂತು. ಡಾಕ್ಟರು ಬರೆದುಕೊಳ್ಳುತ್ತ, ರೂಢಿಯಂತೆ, ಹೌದಾ ಎಂದು ಅವನನ್ನೂ ಕೇಳಿದರು.

“ಇಲ್ಲ,” ಅಂದ ಗಂಡ. “ನಾನು ಕೇಳ್ಲಿಲ್ಲ. ಅವಳೇ ಕೊಟ್ಲು.”

ಅವನ ದನಿಯಲ್ಲಿ ಹಟವಿರಲಿಲ್ಲ, ದೂರೂ ಇರಲಿಲ್ಲ. ಸುಳ್ಳಾಡುವುದಕ್ಕೂ ಏನಾದರೂ ಬೇಕಾಗಿರಬೇಕಲ್ಲ. ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ, ಕಾಗದ ಮಡಿಚಿ ಅವಳ ಕೈಗಿಟ್ಟರು.

ಮೆಟ್ಟಿಲ ಬಳಿ ಅವಳು ಅವನ ಕೈ ಬಿಟ್ಟಳು. ಒಬ್ಬಳೇ ಇಳಿದು, ತಿರುಗಿ ನೋಡದೆ ಬಾಗಿಲವರೆಗೆ ಹೋಗಿ ನಿಂತಳು. ಕೂಗಲಿ, ಬೈಯಲಿ, ಹಾಳಾಗಿ ಹೋಗು ಅನ್ನಲಿ, ಏನಾದರೂ ಅನ್ನಲಿ. ಒಂದು ಬಸ್ಸು ಬಂದು ಹೋಯಿತು. ಇನ್ನೊಂದೂ ಹೋಯಿತು. ಕಣ್ಣೊರೆಸಿಕೊಂಡು ಮತ್ತೆ ಹತ್ತಿದಳು. ಅವನು ಬಿಟ್ಟಲ್ಲೇ ನಿಂತಿದ್ದ. ಜನ ಅವನನ್ನು ಬಳಸಿಕೊಂಡು ಇಳಿಯುತ್ತಿದ್ದರು.

“ರೀ, ನಾನು ವಾಪಸ್ ಬರದೇ ಇದ್ದಿದ್ರೆ?”

ಅವನು ಸ್ವಲ್ಪ ಯೋಚಿಸಿದ.

“ನಿಂತಿರ್ತಿದ್ದೆ,” ಅಂದ.