ದೊಡ್ಡಿಯಲ್ಲಿ ಮಲಗಿದವನು

ಕಕ್ಕಸಿನ ಗುಂಡಿ ಯಾವ ಮೂಲೆಯಲ್ಲಿ ಬರಬೇಕೆಂಬುದು ಎರಡು ದೇಶಗಳ ಗಡಿ ಎಲ್ಲಿ ಬರಬೇಕೆಂಬುದಕ್ಕಿಂತ ಕಡಿಮೆ ತೂಕದ ಪ್ರಶ್ನೆಯೇನಲ್ಲ. ಲಿಂಪೋಪೊ ಸೀಮೆಯ ಆ ಖಾಸಗಿ ಕಾಡಿನಲ್ಲಿ ಬೆಳಗಿನಿಂದ ಅದರದೇ ಚರ್ಚೆ. ಕಾಡಿನ ಒಡೆಯ ಕೂಬಸ್ ಬೆರಳನ್ನು ಎಂಜಲು ಮಾಡಿ ಗಾಳಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನಿಂತಿದ್ದ. ನಾಳೆ ಸಂಜೆ ಚಿರತೆ ಹೊಡೆಯಲು ಬರುವ ಪರದೇಶದ ಅತಿಥಿಗೆ ಹೊಟ್ಟೆ ನೆಟ್ಟಗಿರಲಿಲ್ಲ. ಚಿರತೆಗಾಗಿ ಮರೆಯಲ್ಲಿ ಹೊಂಚಿ ಕೂತವನು ನಡುವೆ ಎದ್ದು ಹೊರಗೆ ಹೋಗುವಂತಿಲ್ಲ. ಒಳಗಿನ ನಾತ ಚಿರತೆಯ ಮೂಗಿಗೆ ಬಡಿಯುವಂತೆಯೂ ಇಲ್ಲ.

"ಗಾಳಿ ಚಿರತೆ ಬರೋ ಮರದ ಕಡೆಯಿಂದ ಬರ್ತಿದೆ. ಅಂದ್ಮೇಲೆ ಗುಂಡಿ ಪಶ್ಚಿಮದ ಮೂಲೇಲಿ, ಗೋಡೆ ಒಳಗಡೆನೇ," ಎಂದು ಕೂಬಸ್ ಕೊನೆಗೂ ತೀರ್ಪು ಕೊಟ್ಟ. "ಏಯ್ ಹುಡ್ಗಾ, ಏನ್ ಬಾಯ್ ಬಿಟ್ಕೊಂಡು ನೋಡ್ತೀಯ? ತೋಡು."

ಹುಡುಗ ಎಂದರೆ ಮಟೋಮೆ. ಮೊಮ್ಮಕ್ಕಳಿದ್ದವನು, ಕೂಬಸನಿಗಿಂತ ದೊಡ್ಡವನು. ಅತಿಥಿಗಳು ಹೊಡೆದುರುಳಿಸಿದ್ದರ ಚರ್ಮ ಸುಲಿದು, ಉಪ್ಪು ತಿಕ್ಕಿ, ಅವರ ದೇಶಗಳಿಗೆ ಕಳಿಸುವಂತೆ ಮಾಡಿಕೊಡುವುದು ಅವನ ಕೆಲಸ. ಗುಂಡಿ ತೋಡುವುದೂ ಅವನದೇ, ಏಕೆಂದರೆ ಏನು ಹೇಳಿದರೂ ಅವನದೇ.

ಅವರು ನಿಂತಿದ್ದದ್ದು ಒಂದು ಹಳೆಯ ದನದ ದೊಡ್ಡಿಯಲ್ಲಿ. ಸುತ್ತ ಪೇರಿಸಿದ ಎದೆಯುದ್ದದ ಕಲ್ಲುಗೋಡೆ. ಅದರಾಚೆ ಮರೂಲಾ ಮರಕ್ಕೆ ಅರ್ಧ ಜಿಂಕೆಯನ್ನು ಎರೆಯಾಗಿ ತೂಗುಹಾಕಿದ್ದರು. ಚಿರತೆ ಅದರ ರುಚಿ ಹತ್ತಿ ದಿನಾ ಬರುತ್ತಿತ್ತು. ಇಂಥ ಸಿದ್ಧ ಮರೆ ಕಾಡಿನಲ್ಲೆಲ್ಲೂ ಇರಲಿಲ್ಲ.

ಮಟೋಮೆ ಸಲಿಕೆ ಎತ್ತಲಿಲ್ಲ. "ಬಾಸ್, ಆ ಮೂಲೇಲಿ ನಮ್ಮಪ್ಪ ಮಲ್ಗವ್ನೆ."

"ಕುಡಿದು ಬಿದ್ದಿದಾನಾ? ಎಬ್ಬಿಸು ಮತ್ತೆ."

"ಸತ್ತು ಮಲ್ಗವ್ನೆ ಬಾಸ್. ಮನೆ ಯಜಮಾನನ್ನ ದೊಡ್ಡೀಲೇ ಹೂಳೋದು ನಾವು. ದೊಡ್ಡ ಬಾಸ್ ಬೇಲಿ ಹಾಕಿಸ್ದಾಗ ನಮ್ಮವ್ವಂಗೆ ಮಾತು ಕೊಟ್ಟಿದ್ರು, ಗೋರಿ ಮುಟ್ಟಕಿಲ್ಲ ಅಂತ."

"ಅಪ್ಪ ಕೊಟ್ಟಿದ್ರೆ ನಾನೂ ಕೊಟ್ಟ ಹಾಗೇ. ಮಾತಿಗೆ ತಪ್ಪೋ ವಂಶ ಅಲ್ಲ ನಮ್ದು." ಕೂಬಸ್ ನಿಜಕ್ಕೂ ನೊಂದುಕೊಂಡವನಂತೆ ಸುತ್ತಲೂ ನೋಡಿದ. "ಎಲ್ಲಿ ಗೋರಿ? ಶಿಲುಬೆ ಎಲ್ಲಿ? ಕಲ್ಲೆಲ್ಲಿ? ಇದು ಸಗಣಿ ಒಣಗಿದ ನೆಲ."

ತೋರಿಸಲು ಏನೂ ಇರಲಿಲ್ಲ. ಹೂತ ಮೇಲೆ ದೊಡ್ಡಿಯ ದನವನ್ನೆಲ್ಲ ಮಣ್ಣಿನ ಮೇಲೆ ಹಿಂದಕ್ಕೂ ಮುಂದಕ್ಕೂ ಹೊಡೆದು, ನೆಲ ನೆಲದಂತಾಗುವವರೆಗೆ ತುಳಿಸುವುದು ಅವರ ಪದ್ಧತಿ. ಮಾಟಗಾರರಿಗೆ ಹೆಣ ಸಿಗಬಾರದು. ಗುರುತು ಉಳಿದರೆ ಅದು ಮಕ್ಕಳ ಸೋಮಾರಿತನ.

"ಲೆಸೀಬಾನ್ ಕೇಳಿ ಬಾಸ್. ಅವ್ನೂ ಇದ್ದ ಅವತ್ತು."

ಲೆಸೀಬಾ ಪ್ರಾಣಿಗಳ ಜಾಡು ಹಿಡಿಯುವ ಹೆಜ್ಜೆಗಾರರ ಮುಖಂಡ, ಮಟೋಮೆಯ ಸೋದರತ್ತೆಯ ಮಗ. ತಾಯಿ ತೀರಿಕೊಂಡಾಗ ಮಟೋಮೆಯ ಅಪ್ಪ ಅವನನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಒಂದೇ ಮಡಕೆಯ ಮುದ್ದೆ ಉಂಡು, ಒಂದೇ ಕಂಬಳಿಯನ್ನು ಕಿತ್ತಾಡಿಕೊಂಡು ಬೆಳೆದವರು ಇಬ್ಬರೂ. ಹೂತ ದಿನ ಕೋಲು ಹಿಡಿದು ದನ ಹೊಡೆದವರೂ ಇವರೇ. ಮಟೋಮೆಗೆ ಜೀವ ಬಂದಂತಾಯಿತು. ಸಾಕ್ಷಿ ಪಕ್ಕದಲ್ಲೇ ನಿಂತಿತ್ತು.

ಬರುವ ಬೇಟೆಯ ಹಂಗಾಮಿನಿಂದ ಲೆಸೀಬಾ ಬರಿಗೈಯಲ್ಲಿ ಅತಿಥಿಯ ಮುಂದೆ ನಡೆಯಬೇಕಿಲ್ಲ, ಬಂದೂಕು ಹಿಡಿದು ಪಕ್ಕದಲ್ಲಿ ನಡೆಯಬಹುದು ಎಂದು ಕೂಬಸ್ ಹೇಳಿ ಒಂದು ವಾರವೂ ಆಗಿರಲಿಲ್ಲ.

ಲೆಸೀಬಾ ಟೊಪ್ಪಿ ತೆಗೆದು ಅದರೊಳಗೆ ನೋಡಿದ. "ದನ ಇದ್ವು ಬಾಸ್. ಬರೀ ದನ."

"ಕೇಳಿಸ್ತಾ? ನಿಮ್ಮೋನೇ ಹೇಳ್ತಿರೋದು, ನಾನಲ್ಲ." ಕೂಬಸ್ ಸಲಿಕೆಯನ್ನು ಲೆಸೀಬಾನ ಕೈಗಿಟ್ಟ. "ನೀನೇ ತೋಡು. ಇಲ್ಲದ ಗೋರಿಗೆ ನೀನ್ಯಾಕೆ ಹೆದರ್ತೀಯ?"

ಲೆಸೀಬಾ ಹೆದರಲಿಲ್ಲ. ಅಂಗಿ ಬಿಚ್ಚಿ ಅಗೆದ. ಮೇಲಿನ ಸಗಣಿಮಣ್ಣು ಬೂದಿಯಂತೆ ಎದ್ದಿತು, ಆಮೇಲೆ ಕೆಮ್ಮಣ್ಣು. ಗುಂಡಿ ಸೊಂಟದವರೆಗೆ ಇಳಿದಾಗ ಸಲಿಕೆಯ ತುದಿಗೆ ಏನೋ ಸಿಕ್ಕಿ ಬರ್‍ರೆಂದು ಹರಿಯಿತು. ಅಂಗೈಯಗಲದ ಒಣಗಿದ ಚರ್ಮ, ಕಪ್ಪು ಕೂದಲು ಇನ್ನೂ ಅಲ್ಲಲ್ಲಿ ಅಂಟಿತ್ತು. ಅಪ್ಪನನ್ನು ಸುತ್ತಲೆಂದು ಕಡಿದ ಕರಿ ಎತ್ತಿನದು. ಆ ಎತ್ತಿನ ಮೇಲೆ ಸವಾರಿ ಮಾಡಿ ಹಲ್ಲು ಮುರಿದುಕೊಂಡವನು ಲೆಸೀಬಾನೇ.

"ಏನದು?" ಎಂದ ಕೂಬಸ್.

ಲೆಸೀಬಾ ಮುರಿದ ಹಲ್ಲಿನ ಜಾಗಕ್ಕೆ ನಾಲಿಗೆ ಒತ್ತಿಕೊಂಡ. "ಯಾವ್ದೋ ದನ ಸತ್ತಿತ್ತೇನೋ ಬಾಸ್."

ಚರ್ಮವನ್ನು ಗೋಡೆಯಾಚೆ ಎಸೆದ.

ಅಡುಗೆಯವನಿಗೆ ಅತಿಥಿಯ ಗಂಜಿಯ ವಿಷಯ ಹೇಳಲು ಕೂಬಸ್ ಫೋನ್ ಹಿಡಿದು ಜೀಪಿನತ್ತ ಹೋದಾಗ ಮಟೋಮೆ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ.

"ಸೂಳೇಮಗನೆ, ಯಾರ ಹೆಗಲ ಮ್ಯಾಲೆ ಬಂದೋನ್ಲಾ ನೀನು?"

"ಮೆತ್ತಗ್ ಮಾತಾಡು."

"ಕೋಲ್ ಹಿಡ್ಕಂಡು ದನ ಹೊಡ್ದೋನು ನೀನಲ್ವೇನ್ಲಾ?"

"ನಾನೇ. ಚೆಂದಾಗೇ ಹೊಡ್ದಿದೀನಿ. ನೋಡು, ಒಂದ್ ಗುರ್ತಿಲ್ಲ." ಲೆಸೀಬಾ ನಗಲು ನೋಡಿದ, ಆಗಲಿಲ್ಲ. "ಸತ್ತೋನು ಸತ್ತ ಕಣೋ. ನಂಗೆ ಬದುಕೋ ಮಕ್ಳವ್ರೆ. ಹೋಗು, ನಿಮ್ಮವ್ವಂಗೆ ಏನೂ ಹೇಳ್ಬ್ಯಾಡ."

ಬೇಲಿಯಾಚೆಯ ಕೇರಿಯಲ್ಲಿ ಅವ್ವ ಹುನಾಡಿ ಜೋಳ ಕೇರುತ್ತಿದ್ದಳು. ಮಟೋಮೆ ಹೇಳಿದ್ದನ್ನು ಕೇಳುತ್ತ ಮೊರ ನಿಲ್ಲಿಸಲಿಲ್ಲ. ಲೆಸೀಬಾನ ಹೆಸರು ಬಂದಾಗ ನಿಲ್ಲಿಸಿದಳು.

"ಯಾರು ಅಂದೆ?"

"ಲೆಸೀಬಾ."

"ನಮ್ ಲೆಸೀಬಾ?"

"ಊಂ."

ಮುದುಕಿ ಮೊರದಲ್ಲಿ ಉಳಿದ ಜೋಳವನ್ನೆಲ್ಲ ಕೋಳಿಗಳಿಗೆ ಸುರಿದಳು. "ನಾಳೀಕೆ ನನ್ ಗಂಡನ್ ಮ್ಯಾಲೆ ಕುಂತು ಹೇಲ್ತಾನೆ ಅನ್ನು, ಆ ನಿಮ್ ಅತಿಥಿ."

ಮಟೋಮೆ ಕಾಲಿಗೆ ಅಡ್ಡ ಬಂದ ಕೋಳಿಯನ್ನು ಓಡಿಸಿದ.

"ದನ ಎಲ್ಲವೆ?"

"ಒಳಕ್ಕೋದ ದನ ಜೀವಂತ ವಾಪಸ್ ಬರಕಿಲ್ಲ ಕಣವ್ವ. ಕಾಡೆಮ್ಮೆ ರೋಗ ಅಂಟ್ತದೆ ಅಂತ ಗುಂಡ್ ಹೊಡ್ದು ಸಾಯಿಸ್ತಾರೆ. ಕಾನೂನದು."

"ಇಷ್ಟ್ ವಯಸ್ಸಾದ್ಮ್ಯಾಲೆ ನಂಗೆ ಕಾನೂನ್ ಹೇಳ್ಕೊಡ್ತಾನೆ ಇವ್ನು. ದನ ಎಲ್ಲವೆ ಅಂದೆ."

ಬೆಳಿಗ್ಗೆ ಇಬ್ಬನಿ ಆರುವ ಮೊದಲು ಮಟೋಮೆ ಬೇಲಿಯ ತಂತಿ ಕತ್ತರಿಸಿದ. ದನಗಳು ಮೊದಲು ಅನುಮಾನಿಸಿದವು, ಆಮೇಲೆ ಒಳಗಿನ ಹುಲ್ಲಿನ ಬಣ್ಣ ನೋಡಿ ನುಗ್ಗಿದವು. ಹುನಾಡಿ ಮುಂದೆ ನಡೆದಳು. ತಲೆಯ ಮೇಲೆ ಹೆಂಡದ ಸೋರೆಬುರುಡೆ, ಬಾಯಲ್ಲಿ ಗಂಡನನ್ನು ಕರೆಯುವ ಕಿರುಚಲು. "ಮುಳ್ಳಂದಿ ಕುಲದೋನೇ! ಎದ್ದೇಳಬ್ಯಾಡ, ಮಲ್ಗಿರು! ನಿನ್ ದನ ಬರ್ತಾವೆ!" ಅವಳ ದನಿಗೆ ಮಂಗಗಳು ಮರ ಬಿಟ್ಟು ಓಡಿದವು. ಚಿರತೆ ಹತ್ತಿರವೆಲ್ಲಾದರೂ ಇದ್ದಿದ್ದರೆ ಅಷ್ಟು ಹೊತ್ತಿಗೆ ನದಿ ದಾಟಿರುತ್ತಿತ್ತು.

ಮಟೋಮೆ ಗೋಡೆಯಾಚೆ ಹುಡುಕಿ ಚರ್ಮದ ತುಂಡನ್ನು ತಂದು ಗುಂಡಿಯಲ್ಲಿಟ್ಟ. ಮುದುಕಿ ಹೆಂಡ ಸುರಿದಳು. ಮಣ್ಣೆಳೆದು ಮುಚ್ಚಿದ ಮೇಲೆ ಅವನು ಕೋಲು ಹಿಡಿದು ದನವನ್ನು ಒಳಗೆ ಹೊಡೆದ. ಹಿಂದಕ್ಕೆ, ಮುಂದಕ್ಕೆ. ಒಬ್ಬನೇ ಹೊಡೆಯುವುದು ಕಷ್ಟ, ಒಂದು ಕಡೆಯಿಂದ ಅಟ್ಟಿದರೆ ಇನ್ನೊಂದು ಕಡೆ ತಪ್ಪಿಸಿಕೊಳ್ಳುತ್ತಿದ್ದವು. ಕರುವೊಂದಕ್ಕೆ ಇದು ಆಟವೆನಿಸಿ ಜಿಗಿದಾಡಿತು.

ಜೀಪು ಬಂತು, ಹಿಂದಿನ ಸೀಟಿನಲ್ಲಿ ಲೆಸೀಬಾ. ಕೂಬಸನ ಮುಖ ಮಾಂಸದ ಬಣ್ಣಕ್ಕೆ ತಿರುಗಿತ್ತು. "ನಾಯಿಗಳಾ! ಸಂಜೆಗೆ ಮನುಷ್ಯ ಬರ್ತಾನೆ, ಇಲ್ಲಿ ಸಂತೆ ಮಾಡಿದೀರ!"

"ಇನ್ನೂ ಆಗ್ಲಿಲ್ಲ ಕಣಪ್ಪ," ಎಂದಳು ಹುನಾಡಿ. "ಸ್ವಲ್ಪ ನಿಂತ್ಕೊ."

ಕೂಬಸ್ ಬಂದೂಕನ್ನು ಲೆಸೀಬಾನತ್ತ ಎಸೆದ. "ಒಂದೂ ಹೊರಗೆ ಹೋಗ್ಬಾರ್ದು."

ಮುದುಕಿ ಲೆಸೀಬಾನನ್ನು ನೋಡಿದಳು. ಬೈಯಲಿಲ್ಲ. "ಹೊಡಿಯಪ್ಪ," ಎಂದಳು. "ಬಂದೂಕದೆ, ಅವತ್ತಿನ ಕೋಲಿಲ್ಲ ಅಷ್ಟೆ."

ಲೆಸೀಬಾ ಗುರಿ ಹಿಡಿದ. ಮಟೋಮೆ ದನ ಹೊಡೆಯುವುದನ್ನು ನಿಲ್ಲಿಸಲಿಲ್ಲ. ಒಂದು ಬಿದ್ದರೆ ಉಳಿದವನ್ನು ಅದರ ಸುತ್ತ ತಿರುಗಿಸಿ ಮತ್ತೆ ಅಟ್ಟಿದ. ಕರುವಿನ ಸರದಿ ಕೊನೆಗೆ ಬಂತು.

ದನ ಒಂದೂ ಉಳಿಯಲಿಲ್ಲ. ಮಟೋಮೆಯ ಕೆಲಸ ಹೋಯಿತು. ಚಿರತೆ ಆ ವರ್ಷ ಆ ಕಡೆ ಬರಲಿಲ್ಲ.