ಚಲುವಮ್ಮ ಎಲ್ಲಿದ್ದಾರೆ?

ಮೇಜಿನ ಮೇಲಿದ್ದ ಮೊಬೈಲು ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ರಾತ್ರಿ ಬಹಳ ಹೊತ್ತಾಗಿತ್ತು. ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ನಾಯಿಗಳೂ ಮಲಗಿದ್ದವು. ನನ್ನದು ಹಗುರ ನಿದ್ದೆ. ಅಷ್ಟು ಸದ್ದಿಗೇ ಎದ್ದು ಕುಳಿತೆ.

ಸಂದೇಶ ನನಗೆ ಬಂದದ್ದಲ್ಲ. ನಮ್ಮ ಯಂತ್ರಕ್ಕೆ ಯಾರು ಏನು ಕೇಳಿದರೂ ಅದರ ಒಂದು ಪ್ರತಿ ನನ್ನ ಫೋನಿಗೆ ಬರುವಂತೆ ನಾನೇ ಮಾಡಿಕೊಂಡಿದ್ದೆ. ಕೇಳಿದವರು ನಮ್ಮ ಕಂಪನಿಯ ಸ್ಥಳೀಯ ಮ್ಯಾನೇಜರ್ ನಾಗರಾಜು. ಕೇಳಿದ್ದು, ಚಲುವಮ್ಮನವರ ಫೋನು ಈಗ ಎಲ್ಲಿದೆ ಎಂದು. ನಾಗರಾಜು ಅವರ ನಂಬರಿಗೆ ಹಾಗೆ ಕೇಳುವ ಅನುಮತಿ ಇರಲಿಲ್ಲ. ಯಂತ್ರ ಹಾಗೆಂದೇ ಉತ್ತರ ಕೊಟ್ಟಿತ್ತು.

ಅದು ೧೯೯೯. ಮೊಬೈಲು ಇದ್ದವರನ್ನು ಜನ ತಿರುಗಿ ನೋಡುತ್ತಿದ್ದ ಕಾಲ. ಯಾರೂ ಮಾತಾಡದಿದ್ದಾಗಲೂ ಪ್ರತಿ ಫೋನು ಹತ್ತಿರದ ಟವರಿಗೆ ತಾನು ಇಲ್ಲಿದ್ದೇನೆ ಎಂದು ಸದ್ದಿಲ್ಲದೆ ತಿಳಿಸುತ್ತಿರುತ್ತದೆ. ದೊಡ್ಡ ದೊಡ್ಡ ಎಕ್ಸ್‌ಚೇಂಜುಗಳು ಅದನ್ನು ತಮ್ಮೊಳಗೆ ಹೇಳಿಕೊಳ್ಳುತ್ತವೆ. ಆ ಮಾತನ್ನು ಕೇಳಿಸಿಕೊಂಡು, ಸಂದೇಶಗಳನ್ನು ಸಾಗಿಸುವ, ಯಾರು ಯಾವ ಟವರಿನಡಿ ಇದ್ದಾರೆಂದು ಹೇಳುವ ಯಂತ್ರವನ್ನು ನಾನು ಎರಡು ವರ್ಷದಿಂದ ಕಟ್ಟುತ್ತಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಪರೀಕ್ಷೆ ನಡೆದಿತ್ತು. ಯಂತ್ರಕ್ಕೆ ಊರುಗಳು ಗೊತ್ತಿರಲಿಲ್ಲ, ಟವರುಗಳ ಸಂಖ್ಯೆ ಮಾತ್ರ ಗೊತ್ತಿತ್ತು. ಪ್ರತಿ ಸಂಖ್ಯೆಯ ಎದುರು ಊರಿನ ಹೆಸರು ತುಂಬುವುದೂ ನನ್ನ ಕೆಲಸವೇ.

ಟವರಿಗೆ ಜಾಗ ಕೊಟ್ಟವರಿಗೆಲ್ಲ ಪರೀಕ್ಷೆಗೆಂದು ಒಂದೊಂದು ಫೋನು ಕೊಟ್ಟಿದ್ದೆವು. ಚಲುವಮ್ಮ ಅವರಲ್ಲೊಬ್ಬರು. ಸಂತೆಬಾಚಹಳ್ಳಿ ಟವರಿನಡಿ ಬರುವ ಒಂದು ಊರಿನವರು; ನಾಲ್ಕಾರು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು, ಗ್ರಾಮ ಪಂಚಾಯ್ತಿ ಸದಸ್ಯೆ. ಅಧ್ಯಕ್ಷ ಹೊನ್ನಪ್ಪನ ಮೇಲೆ ಅವಿಶ್ವಾಸ ನಿರ್ಣಯ ಬಂದಿತ್ತು. ಚಲುವಮ್ಮನವರ ಒಂದು ಓಟು ಯಾವ ಕಡೆ ಬೀಳುತ್ತದೋ ಆ ಕಡೆ ಗೆಲುವು.

ಹಿಂದಿನ ದಿನ ಅವರೇ ಫೋನು ಮಾಡಿದ್ದರು.

“ಇಲ್ಲೂ ಸಿಗ್ನಲ್ ಕಡ್ಡಿ ತೋರುಸ್ತದೆ ಕಣವ್ವ ನಿನ್ನ ಫೋನು. ಎಲ್ಲಿವ್ನಿ ಅಂತ ಮಾತ್ರ ಕೇಳ್ಬ್ಯಾಡ. ಕುಡಿಯೋ ನೀರಿನ ಬೋರು ತನ್ ತೋಟದಾಗೆ ಕೊರ್ಸ್ಕಂಡವ್ನೆ ಆ ಹೊನ್ನಪ್ಪ. ಈಗ ನನ್ನ ಎತ್ತಾಕಂಡೋಗೋಕೆ ಜೀಪು ಬುಟ್ಟವ್ನೆ. ಓಟು ನಡ್ಸೋ ಎ.ಸಿ. ಸಾಹೇಬ್ರು ಪಾಂಡವಪುರದಿಂದ ಬಂದು ಕುರ್ಚಿ ಮ್ಯಾಲೆ ಕುಂತ್ಕಳ್ಳಿ, ಆಗ ಬತ್ತೀನಿ.”

ಹಿಂದೊಮ್ಮೆ ಹೀಗೇ ಓಟಿಗೆ ಮುಂಚೆ ಕಾಣೆಯಾದ ಸದಸ್ಯೆಯೊಬ್ಬರು ಓಟು ಮುಗಿದ ಮೇಲೆ ಮನೆಗೆ ಬಂದಿದ್ದರಂತೆ. ಎಲ್ಲಿದ್ದರೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲವಂತೆ. ಅದನ್ನು ನೆನೆಸಿಕೊಂಡು ಕುಳಿತೆ. ಫೋನು ಆರಿಸಿಡಿ ಎಂದು ಚಲುವಮ್ಮನವರಿಗೆ ಹೇಳಬಹುದಿತ್ತು. ಆದರೆ ಆರಿಸಿದರೂ ಅದು ಕೊನೆಗೆ ಯಾವ ಟವರಿನಡಿ ಇತ್ತೆಂಬುದು ಅಳಿಯುವುದಿಲ್ಲ.

ಬೆಳಿಗ್ಗೆ ನಾಗರಾಜು ಆಫೀಸಿಗೆ ಬಂದರು. ಹಿಂದೆ ಹೊನ್ನಪ್ಪ. ಓಟು ಮಾರನೆಯ ದಿನ.

“ಮೇಡಂ, ನನ್ ನಂಬರ್‌ಗೆ ಪರ್ಮಿಶನ್ ಹಾಕ್ಕೊಡಿ,” ಎಂದರು ನಾಗರಾಜು.

“ಚಲುವಮ್ಮನವರು ಒಪ್ಪಿದ್ದಾರಾ?”

ಹೊನ್ನಪ್ಪ ನಕ್ಕ. “ತಪ್ಪಿಸ್ಕಂಡ ಹಸ ಹುಡುಕೋಕೆ ಹಸಿನ ಒಪ್ಪಿಗೆ ಕೇಳ್ತಾರೇನಮ್ಮ?”

“ಅವರು ಹಸುವಲ್ಲ. ತಪ್ಪಿಸಿಕೊಂಡೂ ಇಲ್ಲ. ನಾನು ಹಾಕುವುದಿಲ್ಲ.”

 

ನಾಗರಾಜು ಅಲ್ಲಿಂದಲೇ ಬೆಂಗಳೂರಿನ ಬಾಸಿಗೆ ಫೋನು ಹಚ್ಚಿ ರಿಸೀವರನ್ನು ನನ್ನ ಕೈಗೆ ಕೊಟ್ಟರು. ಬಾಸು ಕೂಗಾಡಲಿಲ್ಲ. ಮುಂದಿನ ಟವರಿಗೆ ಹೊನ್ನಪ್ಪನ ಪಂಚಾಯ್ತಿಯ ಪರವಾನಗಿ ಬೇಕು ಎಂದರು. “ಆಗಲ್ಲ ಅಂದ್ರೆ ಬೀಗದ ಕೈ ನಾಗರಾಜು ಹತ್ರ ಕೊಟ್ಟು ಮನೆಗೆ ಹೋಗು ಪ್ರಮೀಳಾ. ಇಲ್ಲಿ ಕೂತವರೇ ಹಾಕಿಕೊಡ್ತಾರೆ.”

ನಾನು ಎದ್ದು ಹೋದರೆ ನನ್ನ ಕೈ ಚೊಕ್ಕವಾಗಿರುತ್ತಿತ್ತು. ಮಧ್ಯಾಹ್ನದೊಳಗೆ ಚಲುವಮ್ಮ ಜೀಪಿನಲ್ಲಿರುತ್ತಿದ್ದರು.

“ಹಾಕಿಕೊಡುತ್ತೇನೆ,” ಎಂದು ಯಂತ್ರದ ಮುಂದೆ ಕುಳಿತೆ.

ಚಲುವಮ್ಮ ಎಲ್ಲಿದ್ದಾರೆಂದು ಮೊದಲು ನಾನೇ ಕೇಳಿದೆ. ಹಸಿರು ಅಕ್ಷರಗಳಲ್ಲಿ ಹೊಣಕೆರೆ ಎಂದು ಬಂತು. ನಾಗಮಂಗಲದ ಕಡೆ. ತಕ್ಷಣ ಅಳಿಸಿದೆ. ಬೆನ್ನ ಹಿಂದೆ ಹೊನ್ನಪ್ಪನ ಕುರ್ಚಿ ಕಿರುಗುಟ್ಟಿತು.

“ಒಂದು ಹೆಂಗ್ಸು ಎಲ್ಲವ್ಳೆ ಅಂತ ಹೇಳೋಕೆ ಇಷ್ಟೊತ್ತಾ? ನಮ್ಮೂರ ಕುಳ್ಳಯ್ಯ ಕವಡೆ ಬುಟ್ಟು ಇದ್ಕಿಂತ ಬಿರ್‍ರನೆ ಹೇಳ್ತಾನಲ್ಲ!”

“ಕುಳ್ಳಯ್ಯನ ಹತ್ರಾನೇ ಕೇಳಬಹುದಿತ್ತು,” ಎಂದೆ.

“ಕೇಳ್ದೆ ಕಣಮ್ಮ. ಪೂರ್ವಕ್ಕವ್ಳೆ ಅಂದ. ಪೂರ್ವ ಅಂದ್ರೆ ಮದ್ರಾಸ್‌ಗಂಟ ಅದೆ.”

ಅನುಮತಿಯ ಪಟ್ಟಿ ತೆರೆಯುವ ಬದಲು ಊರಿನ ಹೆಸರುಗಳ ಪಟ್ಟಿ ತೆರೆದೆ. ಹೊಣಕೆರೆ ಟವರಿನ ಸಂಖ್ಯೆಯ ಎದುರಿದ್ದ ಹೆಸರನ್ನು ಅಳಿಸಿ ಗಂಜಾಂ ಎಂದು ಒತ್ತಿದೆ. ನಾಗರಾಜು ನನ್ನ ಭುಜದ ಹತ್ತಿರ ಬಗ್ಗಿದರು.

“ಅದೇನದು?”

“ಊರುಗಳ ಹೆಸರು. ತಪ್ಪಿದ್ದರೆ ನಾಳೆ ನನ್ನನ್ನೇ ಬಯ್ಯುತ್ತೀರಲ್ಲ.”

ಆಮೇಲೆ ಅವರ ನಂಬರಿಗೆ ಅನುಮತಿ ಕೊಟ್ಟೆ. ಅವರು ಪ್ರಶ್ನೆ ಕಳಿಸಿದರು. ಉತ್ತರ ಬಂತು.

ಹೊನ್ನಪ್ಪ ತೊಡೆ ತಟ್ಟಿದ. “ಗಂಜಾಂ! ಇಲ್ಲೇ ಮಗ್ಗುಲಾಗವ್ಳಲ್ಲಾ! ನಿಮಿಷಾಂಬನ ಗುಡಿ ತಾವ ಯಾವ್ದೋ ಛತ್ರದಾಗೆ ಸೇರ್ಕಂಡವ್ಳೆ. ಏಳ್ಲಾ ನಾಗರಾಜು.”

ಇಡೀ ದಿನ ಅವರು ಕೇಳುತ್ತಲೇ ಇದ್ದರು. ಇಡೀ ದಿನ ಯಂತ್ರ ಗಂಜಾಂ ಎನ್ನುತ್ತಲೇ ಇತ್ತು. ಸಂಜೆ ನಾಗರಾಜು ಒದ್ದೆ ಅಂಗಿಯಲ್ಲಿ ಬಂದರು.

“ಹೊಳೆ ಸ್ನಾನಘಟ್ಟದ ತಾವ ಇಣುಕಿದ್ದಕ್ಕೆ ಹೆಂಗಸ್ರೆಲ್ಲ ಸೇರಿ ನೀರೆರಚಿ ಓಡಿಸಿದ್ರು ಮೇಡಂ. ಯಾವ ಮನೆ ಅಂತ ಹೇಳಲ್ವಾ ಇದು?”

“ಟವರು ಮನೆ ಹೇಳುವುದಿಲ್ಲ,” ಎಂದೆ. ಅದು ನಿಜ.

ಹೊನ್ನಪ್ಪ ತನ್ನವರನ್ನು ರಾತ್ರಿಯಿಡೀ ಗಂಜಾಮಿನಲ್ಲೇ ಕಾವಲಿಟ್ಟ. ಮರುದಿನ ಯಂತ್ರ ಸಂತೆಬಾಚಹಳ್ಳಿ ಎಂದಾಗ ಎ.ಸಿ.ಯವರು ಬಂದು ಕುಳಿತಾಗಿತ್ತು. ಚಲುವಮ್ಮ ಹಾಲಿನ ವ್ಯಾನಿನಿಂದ ಇಳಿದು, ಸೆರಗು ಸರಿಮಾಡಿಕೊಂಡು, ನೇರ ಒಳಗೆ ನಡೆದರಂತೆ. ಒಂದೇ ಓಟಿನಲ್ಲಿ ಹೊನ್ನಪ್ಪ ಕುರ್ಚಿ ಬಿಟ್ಟ. ಹೊಣಕೆರೆಯಲ್ಲಿ ತಂಗಿ ಮಗಳ ಮನೆಯಲ್ಲಿದ್ದೆ ಎಂದು ಚಲುವಮ್ಮ ಅವನ ಮುಖದೆದುರೇ ಹೇಳಿದರಂತೆ. ಅಷ್ಟು ಹೊತ್ತಿಗೆ ನಾನು ಆ ಟವರಿಗೆ ಅದರ ಹೆಸರನ್ನು ಮರಳಿ ಕೊಟ್ಟಿದ್ದೆ.

ಸಂಜೆ ಬಾಸಿನ ಫೋನು ಬಂತು. “ಹೊಣಕೆರೆ ಎಲ್ಲಿ, ಗಂಜಾಂ ಎಲ್ಲಿ? ಎರಡು ವರ್ಷ ಇದನ್ನೇ ಕಟ್ಟಿದ್ದಾ ನೀನು? ಎಲ್ಲಿ ತಪ್ಪಾಗಿದೆ?”

“ಹೇಳುವುದಕ್ಕೆ ಆಗುತ್ತಿಲ್ಲ ಸರ್.”

“ಹಾಗಾದರೆ ಜಾಗ ಹೇಳೋ ಭಾಗ ತೆಗೆದುಹಾಕು. ಸಂದೇಶ ಒಂದೇ ಸಾಕು. ನಿನ್ನಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ.”

ಗಂಟಲವರೆಗೆ ಮಾತು ಬಂತು. ನನ್ನ ಯಂತ್ರ ಒಮ್ಮೆಯೂ ತಪ್ಪು ಹೇಳಿರಲಿಲ್ಲ. “ತೆಗೆಯುತ್ತೇನೆ ಸರ್,” ಎಂದೆ.

ಆ ವಾರವೇ ಚಲುವಮ್ಮ ಒಂದು ಡಬ್ಬಿ ಗಿಣ್ಣು ತಂದುಕೊಟ್ಟರು. ಹೊನ್ನಪ್ಪ ಹೇಗೆ ಹುಡುಕಿಸಿದನೆಂಬುದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ನನ್ನ ಯಂತ್ರವನ್ನು ಸುತ್ತು ಬಂದು ನೋಡಿ ಅವರು ತುಟಿ ಲೊಚಗುಟ್ಟಿದರು.

“ಇದೇಯೇನವ್ವ ನನ್ನ ಹುಡುಕ್ದ ಮಿಶೀನು? ಎಲ್ಲೋ ಇದ್ದೋಳ್ನ ಗಂಜಾಮ್‌ನಾಗವ್ಳೆ ಅಂತಂತಲ್ಲ! ಪಾಪ, ಇಷ್ಟು ಓದ್ದೋಳು ನೀನು. ಒಂದು ನಿಂಬೆಹಣ್ಣಾರ ಕಟ್ಟು ಇದಕ್ಕೆ, ಸರೋಯ್ತದೇನೋ.”

ನಾನು ನಕ್ಕೆ. ಅವರಿಗಾದರೂ ಹೇಳಿಬಿಡೋಣ ಎನಿಸಿತು. ಹೇಳಿದರೆ ಅವರು ಹೆಮ್ಮೆಯಿಂದಲೇ ಡೈರಿಯಲ್ಲಿ ಹೇಳುತ್ತಾರೆ, ಡೈರಿಯಿಂದ ನಾಗರಾಜುಗೆ, ಅಲ್ಲಿಂದ ಬೆಂಗಳೂರಿಗೆ. ಯಂತ್ರ ಸರಿಯಿದೆ ಎಂದು ಗೊತ್ತಾದ ದಿನವೇ ಅದನ್ನು ಇನ್ನೊಬ್ಬ ಹೊನ್ನಪ್ಪನಿಗೆ ಮಾರುತ್ತಾರೆ. ಕೆಲಸ ಬಾರದವಳು ಎಂದು ನನ್ನನ್ನು ಕರೆದರೆ ಕರೆಯಲಿ.

“ಕಟ್ಟುತ್ತೇನೆ ಚಲುವಮ್ಮಾರೆ,” ಎಂದು ಗಿಣ್ಣಿನ ಡಬ್ಬಿ ತೆರೆದೆ. ನಡೆದದ್ದನ್ನು ಅವರಿಗೂ ಹೇಳಬಾರದು, ಇನ್ಯಾರಿಗೂ ಹೇಳಬಾರದು ಎಂದು ಆಗಲೇ ತೀರ್ಮಾನಿಸಿದ್ದೆ.